ಸರ್ ಒಮ್ಮೆ ನನಗೂ ಒದರಲಿ

ಮಕ್ಕಳನ್ನ ಈಜಿನ ಸ್ಪರ್ಧಾಕ್ಕ ಹಚ್ಚಿದ ತಂದಿ-ತಾಯಿಗೋಳ ಬಾಳಿನ್ಯಾಗ ನಗೂವಂಥ ಪ್ರಸಂಗಕ್ಕ ಕೊರತಿ ಅನ್ನೂದ ಇಲ್ಲ. ಪೂಲಿನ ದಂಡಿಗೆ ಒಂದು ಸಿಮೆಂಟಿನ ಕಟ್ಟಿ ಇರತೈತಿ. ಮುಂಜಾನೆ ಒಂದು ತಾಸು ಅಲ್ಲಿ ಕುಂತು ನೋಡ್ರಿ, ನೀರಾಗಿನ ಹುಡುಗರಕಿಂತ ಕಟ್ಟಿ ಮ್ಯಾಲೆ ಕುಂತವರಿಗೇ ಉಸಿರು ಕಟ್ಟಿರತೈತಿ. ಅದರಾಗ ನಾನೂ ಒಬ್ಬಾಕಿ. ಧಾರವಾಡದ ಒಂದು ಕಾಲೇಜಿನ ಆಫೀಸಿನ್ಯಾಗ ನೌಕರಿ ಮಾಡತೇನಿ. ನಮ್ಮನಿಯವರದು ಅಮರಗೋಳ ಎಪಿಎಂಸಿ ಯಾರ್ಡಿನ್ಯಾಗ ಕಾಳಿನ ದಲಾಲಿ ಅಂಗಡಿ. ಹನ್ನೆರಡು ವರ್ಷದ ಒಬ್ಬಾಕಿ ಮಗಳು. ಇವೆಲ್ಲಾ ನಡದದ್ದು ಆ ಮಗಳ ಸಲುವಾಗಿ. ಈಗ ಹೇಳಾಕ ಕುಂತ್ರ ನಗು ಬರತೈತಿ ಖರೇ, ನಡಿಯಾಕತ್ತಾಗ ಮಾತ್ರ ಒಂದು ದಿನಾನೂ ನಕ್ಕಿದ್ದಿಲ್ಲ. ಅದನ್ನ ಮೊದಲ ಹೇಳಿಬಿಡತೇನಿ.

ಗ್ವಾಡಿ ಕಡೆ ಸಾಲು

ನಮ್ಮ ಈಜಿನ ಸರ್ ಕೆಟ್ಟ ಮನಷ್ಯಾ ಅಲ್ಲ. ಚಳಿಗಾಲದಾಗೂ ಎಲ್ಲಾರಕಿಂತ ಮೊದಲ ಬಂದು ನಿಂತಿರತಾರ. ಆದ್ರ ಕಲಿಯಾಕ ಬರೂ ಮಕ್ಕಳಾಗ ಅವರಿಗೆ ಒಬ್ಬಾಕಿ ಲಾಡಿನ, ಅಂದ್ರ ಭಾಳ ಮುದ್ದಿನ ಹುಡುಗಿ ಇದ್ಲು, ನಮ್ಮಾಕಿ ವಾರಿಗೆಯಾಕಿನ. ಪೂಲಿನ್ಯಾಗ ಉದ್ದಕ್ಕ ಹಗ್ಗ ಕಟ್ಟಿ ಸಾಲು ಮಾಡಿರತಾರಲ್ಲ, ಅದರಾಗ ನಡುವಿನ ಸಾಲು ಯಾವತ್ತೂ ಅಕಿಗೆ. ಅಲ್ಲಿ ನೀರು ತಣ್ಣಗ, ಸಮಾ ಇರತೈತಿ. ನಮ್ಮಾಕಿಗೆ ಗ್ವಾಡಿ ಕಡೆ ಸಾಲು. ಎಲ್ಲಾರೂ ಎಬ್ಬಿಸಿದ ತೆರಿ ಗ್ವಾಡಿಗೆ ಬಡದು, ಹೊಳ್ಳಿ ಬಂದು ಇಕಿ ಬಾಯಾಗ ಹೋಗತಿದ್ವು.

ಸರ್ ಒಮ್ಮೆ ಬೆಂಗಳೂರಿಗೆ ಹೋದಾಗ ಆ ಹುಡುಗಿಗೆ ಒಂದು ಕಿತ್ತಳಿ ಬಣ್ಣದ ಟೋಪಿ ತಂದುಕೊಟ್ಟಿದ್ರು. ಉಳದವರದೆಲ್ಲಾ ಕರಿ ಟೋಪಿ. ಕಿತ್ತಳಿ ಟೋಪಿ ನೀರಿಗೆ ಬಿತ್ತಂದ್ರ ಸಾಕು, ಸರ್ ಕೊರಳಾಗಿನ ಸೀಟಿ ಕುಣಸಿಕೋತ ದಂಡಿಗುಂಟ ಓಡಾಕ ಚಾಲೂ. "ಕಾಲು! ಕಾಲು ಹೊಡಿ! ಬಾ, ಬಾ, ಬಾ!" ಅಂತ ಒದರಿದ್ರ ಹೊರಗ ರಸ್ತಾದಾಗ ಹೋಗೂ ಮಂದಿ ನಿಂತು ನೋಡಬೇಕು. ನಮ್ಮಾಕಿ ಈಜಿ ಮುಗಿಸಿ ತಲಿ ಎತ್ತಿದ್ರ, ಅಕಿಗೆ ಕಾಣತಿದ್ದದ್ದು ಸರ್ ಬೆನ್ನು.

ಒಂದಿನ ನಾಷ್ಟಾ ಮಾಡೂ ಮುಂದ ಮಗಳು ಅಂದ್ಲು, "ಅವ್ವಾ, ನನಗ ನಡುವಿನ ಸಾಲು ಬ್ಯಾಡ. ಟೋಪಿನೂ ಬ್ಯಾಡ. ಒಮ್ಮೆರ ಸರ್ ನನಗ ಹಂಗ ಓಡಿಕೋತ ಒದರಬೇಕು. ಒಂದ ಒಮ್ಮೆ."

ಮೆಡಲ್ ಕೇಳಿದ್ರ, ಸೈಕಲ್ ಕೇಳಿದ್ರ ಏನರ ಹೇಳಬಹುದು, ಇದಕ್ಕ ಏನು ಹೇಳೂದು? "ಹುಚ್ಚಿ, ನಾ ಒದರತೇನಿ ತಗೋ" ಅಂದೆ.

"ನೀ ಮನ್ಯಾಗ ದಿನಾ ಒದರತೀದಿ" ಅಂದ್ಲು. "ಅದು ಲೆಕ್ಕಕ್ಕ ಬರಂಗಿಲ್ಲ."

ಅಂಟಿನುಂಡಿ

ನಮ್ಮ ಕಡೆ ಯಾರ ಮನಸ್ಸರ ಒಲಿಸಬೇಕಂದ್ರ ಮೊದಲ ಡಬ್ಬಿ ಹೋಗತೈತಿ, ಆಮ್ಯಾಲೆ ಮಾತು. ನಾನೂ ಹಂಗ ವಿಚಾರ ಮಾಡಿದೆ. ರವಿವಾರ ಇಡೀ ದಿನ ಕುಂತು ಅಂಟು ಹುರದು, ಒಣಕೊಬ್ರಿ ಹೆರದು, ಉತ್ತತ್ತಿ ಕುಟ್ಟಿ, ಬೆಲ್ಲದ ಪಾಕ ಹಿಡದು ಅಂಟಿನುಂಡಿ ಕಟ್ಟಿದೆ. ಮಗಳಿಗೆ ನಾಕು ತಗದಿಟ್ಟು, ಉಳದವನ್ನೆಲ್ಲಾ ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿ ಸರ್ ಕೈಯಾಗ ಇಟ್ಟೆ.

ಸರ್ ಮುಚ್ಚಳಾ ತಗದು, "ಇದು ಬಾಣಂತ್ಯಾರಿಗೆ ಕೊಡೂದಲ್ರಿ?" ಅಂದ್ರು.

"ಶಕ್ತಿಗೆ ಸರ್. ನೀವೂ ಮುಂಜಾನೆದ್ದು ಬಂದು ಇಷ್ಟು ಒದರಾಡತೀರಿ" ಅಂದೆ.

ಅರ್ಧಾ ಕಡದ್ರು. ಕಣ್ಣು ಮುಚ್ಚಿ ಅಗದ್ರು. "ಏನ್ ತಾಕತ್ತು ಐತ್ರಿ ಇದರಾಗ!" ಅಂದ್ರು. ನನಗ ಕೆಲಸಾ ಆತಂತ ಎದಿ ತುಂಬಿ ಬಂತು. ಆ ಮ್ಯಾಲೆ ಡಬ್ಬಿ ಮುಚ್ಚಿ, ಪೂಲಿನ ಕಡೆ ಹೊಳ್ಳಿ ಲಾಡಿನ ಹುಡುಗಿನ್ನ ಕರದ್ರು, "ಬಾರವಾ ಇಲ್ಲೆ! ಇವತ್ತಿಂದ ದಿನಾ ಒಂದು ತಿನ್ನಬೇಕು ನೀ." ಡಬ್ಬಿ ಸರ್ ಕಪಾಟಿನ್ಯಾಗ ಹೋತು. ದಿನಾ ಈಜು ಮುಗದ ಮ್ಯಾಲೆ ಅಕಿಗೆ ಒಂದು ಉಂಡಿ. ನಮ್ಮಾಕಿ ಬಾಜೂಕ ನಿಂತು ಕೂದಲಾ ಒರಸಿಕೋತ ನೋಡತಿದ್ಲು. ನನ್ನ ಕೈಯಾಗಿನ ಉಂಡಿ ನನ್ನ ಕಣ್ಣ ಮುಂದ ಮಂದಿ ಮಗಳ ಹೊಟ್ಟಿಗೆ ಹೋಗಾಕತ್ತಿತ್ತು, ಅಕಿ ಈಜೂ ವೇಗಾ ಏರಾಕತ್ತಿತ್ತು.

ಡಬ್ಬಿ ಬರಿದಾದ ದಿನ ಆ ಹುಡುಗಿ ತಾಯಿ ಕಟ್ಟಿ ಮ್ಯಾಲೆ ನನ್ನ ಬಾಜೂಕ ಬಂದು ಕುಂತ್ರು. "ರೀ, ಸರ್ ನಮ್ಮಾಕಿಗೆ ಏನೋ ಉಂಡಿ ಕೊಡಾಕತ್ತಿದ್ರು, ಭಾಳ ಗುಣಾ ಆಗೈತ್ರಿ. ಯಾವ ಅಂಗಡ್ಯಾಗ ಸಿಗತಾವೋ ಏನೋ, ನಿಮಗೇನರ ಗೊತ್ತೈತೇನ್ರಿ?"

"ಗೊತ್ತೈತ್ರಿ" ಅಂದೆ. "ಆ ಅಂಗಡಿ ನಿನ್ನೆನ ಬಂದ್ ಆತು."

ಯಾರ್ಡಿನ ಮಾತು

ಉಂಡಿ ಸುದ್ದಿ ಕೇಳಿ ನಮ್ಮನಿಯವರು ನಕ್ಕ್ರು. "ನಿನಗ ವ್ಯವಹಾರ ತಿಳಿಯಂಗಿಲ್ಲ. ನಾ ಮಾತಾಡತೇನಿ ಬಿಡು" ಅಂದ್ರು. ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಪೂಲಿಗೆ ಬಂದ್ರು. ನಾ ಹಿಂದ ನಿಂತು ಕೇಳಾಕತ್ತಿದ್ದೆ.

"ಸರ್" ಅಂದ್ರು, "ನಮ್ಮ ಯಾರ್ಡಿನ್ಯಾಗ ಮ್ಯಾಲಿನ ಕಾಳು ನೋಡಿ ಯಾರೂ ರೇಟ್ ಹಚ್ಚಂಗಿಲ್ರಿ. ಪ್ರತಿ ಚೀಲಕ್ಕೂ ಕಬ್ಬಿಣದ ಕೊಳವಿ ಚುಚ್ಚಿ, ಒಳಗಿನ ಕಾಳು ಅಂಗೈ ಮ್ಯಾಲೆ ಹಾಕ್ಕೊಂಡು ನೋಡತೇವಿ. ಒಮ್ಮೊಮ್ಮೆ ಗ್ವಾಡಿಗೆ ಒಟ್ಟಿದ ಚೀಲದಾಗ, ಯಾರೂ ಮುಟ್ಟಿರಂಗಿಲ್ಲ ನೋಡ್ರಿ, ಅದರಾಗ ಎಲ್ಲಾಕಿಂತ ಛಲೋ ಮಾಲು ಇರತೈತ್ರಿ."

ನಾ ಗಂಡನ್ನ ಹೊಸದಾಗಿ ನೋಡಿದೆ. ಏನ್ ಮಾತು! ಮದುವಿ ಆದಾಗಿಂದ ಇಂಥಾದ್ದೊಂದು ನನ್ನ ಮುಂದ ಆಡಿರಲಿಲ್ಲ.

ಸರ್ ಗಂಭೀರ ಆಗಿ ಕೇಳಿದ್ರು. ಗೋಣು ಹಾಕಿದ್ರು. "ನೂರಕ್ಕ ನೂರು ಖರೇ ಹೇಳಿದ್ರಿ. ನಾವು ಮೊನ್ನೆ ತಂದ ತೊಗರಿ ಬ್ಯಾಳಿ ಹಂಗ ಆಗೈತಿ ನೋಡ್ರಿ. ಮ್ಯಾಲೆ ಬಂಗಾರದಂಥಾದ್ದು, ಒಳಗೆಲ್ಲಾ ಹುಳಾ. ನೀವು ಇಂಥಾ ತಿಳದವರಿದ್ದೀರಿ, ನಮಗ ವರ್ಷಕ್ಕ ಆಗೂವಷ್ಟು ಛಲೋ ಬ್ಯಾಳಿ ಕೊಡಸತೀರೇನ್ರಿ?"

ಮುಗೀತು. ನಮ್ಮನಿಯವರ ಮಾರಿ ಅರಳಿತು. ಬ್ಯಾಳಿ ಎಣ್ಣಿ ಹಚ್ಚಿದ್ದೋ, ಹಚ್ಚಲಾರದ್ದೋ, ಲಗೂ ಕುದಿಯೂದು ಯಾವುದು ಅಂತ ಅರ್ಧಾ ತಾಸು ಮಾತಾಡಿದ್ರು. ಗಾಡಿ ಹತ್ತಿದ ಮ್ಯಾಲೆ ನಾ ಕೇಳಿದೆ, "ಮಗಳ ಸುದ್ದಿ?"

"ಆಂ? ತಡಿ, ಬ್ಯಾಳಿ ಕೊಡಾಕ ಬಂದಾಗ ತಗೀತೇನಿ."

ಬ್ಯಾಳಿ ಸರ್ ಮನಿ ಮುಟ್ಟಿತು. ಸುದ್ದಿ ಮುಟ್ಟಲಿಲ್ಲ. ಆದ್ರ ಒಂದು ಫರಕು ಆತು. ಅಲ್ಲೀತನಕಾ ಸರ್ ನಮ್ಮಾಕಿನ್ನ ಏನಂತಾನೂ ಕರೀತಿರಲಿಲ್ಲ. ಈಗ ಕರಿಯಾಕತ್ತಿದ್ರು, "ಏ ಬ್ಯಾಳಿ, ಗ್ವಾಡಿ ಕಡೆ ಸರಿ!"

ಅಮ್ಮಿನಬಾವಿ ಆಯಿ

ನಮ್ಮತ್ತಿ, ಮಗಳಿಗೆ ಆಯಿ, ಅಮ್ಮಿನಬಾವಿ ಊರಾಕಿ. ಸಣ್ಣಾಕಿ ಇದ್ದಾಗ ನಡಕ್ಕ ಒಣಾ ಕುಂಬಳಕಾಯಿ ಕಟಗೊಂಡು ಹೊಲದ ಬಾವ್ಯಾಗ ಈಜು ಕಲತಾಕಿ. ಮಮ್ಮಗಳು ಈಜೂದು ನೋಡಬೇಕಂತ ಒಂದಿನ ಬಂದ್ರು. ಕಟ್ಟಿ ಮ್ಯಾಲೆ ಕುಂದ್ರಂದ್ರ ಕೇಳಲಿಲ್ಲ, ನೀರಿನ ದಂಡಿಗೇ ಹೋಗಿ ನಿಂತು ಸೆರಗು ನಡಕ್ಕ ಸಿಗಸಿ, "ಹೊಡಿ ನನ್ನ ಬಂಗಾರ! ಹೊಡಿ ನನ ಚಿನ್ನ! ಯಾರ ಮಗಳಂತ ತಿಳದಾರ ಇವರು!" ಅಂತ ಆ ತುದಿಯಿಂದ ಈ ತುದಿತನಕಾ ಒದರಿಕೋತ ಬಂದ್ರು. ಸರ್ ಸೈತ ಸೀಟಿ ಬಿಟ್ಟು ನೋಡಿದ್ರು.

ಹುಡುಗಿ ಮ್ಯಾಲೆ ಬಂದು ಟೋಪಿ ತಗದಳು. ಯಾರೋ ಡಾಕ್ಟರರ ಮಗಳು. ನಮ್ಮಾಕಿ ಆಚೀಕಡೆ ಗ್ವಾಡಿ ಹಿಡಕೊಂಡು ನಗಾಕತ್ತಿದ್ಲು.

ಆಯಿಗೇನೂ ನಾಚಿಕಿ ಇಲ್ಲ. "ಟೋಪಿ ಹಾಕಿ ಕನ್ನಡಕಾ ಬಡದ ಮ್ಯಾಲೆ ಎಲ್ಲಾವೂ ಒಂದ ಗಿಡದ ಬದನಿಕಾಯಿ. ನಿಮ್ಮ ಸರ್‌ಗರ ಹೆಂಗ ಗುರತಾ ಸಿಗತೈತಿ?"

"ಅವರು ಕಿತ್ತಳಿ ಟೋಪಿ ಅಷ್ಟ ನೋಡತಾರ ಆಯಿ" ಅಂದ್ಲು ಮಗಳು. ಭಾಳ ಸಾದಾ ಹೇಳಿದ್ಲು, ಇವತ್ತ ಥಂಡಿ ಐತಿ ಅಂದಂಗ. ನನಗ ಮಾತ್ರ ಅದು ನಟ್ಟು ಕುಂತಿತು.

ಮರುದಿನ ಆ ಡಾಕ್ಟರರ ಮಗಳು ನೀರಿಗಿಳಿಯೂಕಿಂತ ಮೊದಲ ಕಟ್ಟಿ ಕಡೆ ಬಂದು ನಿಂತ್ಲು. ನನಗ ಕೇಳಿದ್ಲು, "ಆಂಟಿ, ಆಯಿ ಇವತ್ತ ಬರಂಗಿಲ್ಲೇನ್ರಿ?"

ಎಲ್ಲಾ ಮಕ್ಕಳೂ ಒಂದ

ಹುಬ್ಬಳ್ಯಾಗ ಸ್ಪರ್ಧಾದ ದಿನಾ ಗೊತ್ತಾತು. ಇನ್ನ ಸುಮ್ನಿರಬಾರದಂತ ನಾನ ಮಾತಾಡಾಕ ನಿರ್ಧಾರ ಮಾಡಿದೆ. ಕನ್ನಡಿ ಮುಂದ ನಿಂತು ಮಾತು ಜೋಡಿಸಿಕೊಂಡೆ. ಸಿಟ್ಟು ತೋರಸಬಾರದು, ಅಳಬಾರದು, ಮಂದಿ ಮಗಳ ಬಗ್ಗೆ ಕೆಟ್ಟ ಆಡಬಾರದು.

"ತಪ್ಪ ತಿಳ್ಕೋಬ್ಯಾಡ್ರಿ ಸರ್" ಅಂದೆ. "ನೀವು ಒಬ್ಬಾಕಿ ಕಡೆನ ಅಷ್ಟು ಲಕ್ಷ್ಯ ಕೊಟ್ರ ಉಳದ ಮಕ್ಕಳಿಗೆ ಮನಸ್ಸಿಗೆ ಹತ್ತತೈತ್ರಿ."

ಸರ್ ಕೈಯಾಗಿನ ಚಹಾದ ಕಪ್ಪು ಕೆಳಗಿಟ್ರು. "ಮೇಡಂ, ನೀವು ಹಿಂಗ ಅಂದದ್ದು ನನಗ ಭಾಳ ಕೆಟ್ಟ ಅನಸ್ತು" ಅಂದ್ರು. ಅವರ ದನಿ ಸಣ್ಣಾತು. "ಅರ್ಧಾ ಆಯುಷ್ಯ ಈ ನೀರಿನ ದಂಡ್ಯಾಗ ಕಳದೇನಿ. ಒಂದು ಹುಡುಗಿ ಮೆಡಲ್ ತಂದ್ರ ಮ್ಯಾಲಿನವರು ಮುಂದಿನ ವರ್ಷಾನೂ ನನ್ನ ಇಟ್ಟುಕೋತಾರ. ತರಲಿಲ್ಲಂದ್ರ ಇಲ್ಲ. ಅದಕ್ಕ ಅಕಿ ಮ್ಯಾಲೆ ಸ್ವಲ್ಪ ಜೋರು ಮಾಡತೇನಿ, ಹೌದು. ಆದ್ರ ನನ್ನ ಮನಸ್ಸಿನ್ಯಾಗ ಎಲ್ಲಾ ಮಕ್ಕಳೂ ಒಂದ. ಒಬ್ಬೊಬ್ಬರ ಕಾಲಿನ ಹೊಡತಾ ನನಗ ನಿದ್ದಿಗಣ್ಣಾಗೂ ಗುರತಾ ಸಿಗತೈತಿ."

ಅವರ ಕಣ್ಣಾಗ ನೀರು ಬಂದಿದ್ವು. ಖೊಟ್ಟಿ ನೀರಲ್ಲ. ನನಗ ನಾಚಿಕಿ ಬಂತು. ಹೊಟ್ಟಿಪಾಡಿನ ಮನಷ್ಯಾಗ ಏನರ ಅಂದುಬಿಟ್ನೆಲ್ಲಾ ಅಂತ, ತಪ್ಪಾತ್ರಿ ಸರ್ ಅನ್ನಾಕ ಬಾಯಿ ತಗದೆ.

ಅಷ್ಟರಾಗ ಅವರು ಕಣ್ಣು ಒರಸಿಕೊಂಡು, ಭಾಳ ಅಂತಃಕರಣದಿಂದ ಕೇಳಿದ್ರು, "ಅಂದಂಗ, ನಿಮ್ಮ ಹುಡುಗಿ ಯಾವಾಕಿ ರೀ?"

ವರ್ಷಾ ಆಗಾಕ ಬಂದಿತ್ತು ನಮ್ಮಾಕಿ ಅವರ ಕೈಯಾಗ ಈಜಾಕ ಹತ್ತಿ. ಹೆಸರ ಹೇಳಿದ್ರೂ ಇವರಿಗೆ ಗುರತಾ ಹತ್ತಂಗಿಲ್ಲಂತ ಗೊತ್ತಾತು. "ಬ್ಯಾಳಿ ರೀ" ಅಂದೆ.

"ಓ, ಬ್ಯಾಳಿ! ಮೊದಲ ಹಂಗ ಹೇಳಬೇಕಿಲ್ಲೋ!"

ಮನಿಗೆ ಬರೂ ಮುಂದ ಸ್ಕೂಟಿ ಮ್ಯಾಲೆ ಅತ್ತೆ. ಹೆಲ್ಮೆಟ್ ಕಡ್ಡಾಯ ಮಾಡಿದ್ದು ಎಷ್ಟು ಛಲೋ ಆಗೈತಿ ಅಂತ ಅವತ್ತ ತಿಳೀತು.

ಹುಬ್ಬಳ್ಳಿ ಸ್ಪರ್ಧಾ

ಸ್ಪರ್ಧಾದ ದಿನ ಮಂದಿ ಕುಂದ್ರೂ ಮೆಟ್ಟಲಿನ ಪಾವಟಿಗಿ ಮ್ಯಾಲೆ ಜಾಗಾ ಹಿಡದು ಕುಂತಿದ್ದೆ. ಲಾಡಿನ ಹುಡುಗಿ ತಾಯಿ ಬಂದು ಬಾಜೂಕ ಕುಂತ್ರು. ನಾ ಮಾರಿ ಆಚೀಕಡೆ ತಿರುವಿದೆ. ಅವರು ಸಣ್ಣ ದನಿಲೆ ಅಂದ್ರು, "ನಮ್ಮಾಕಿ ಮುಂಜಾನಿಂದ ವಾಂತಿ ಮಾಡಾಕತ್ತಾಳ್ರಿ. ಪ್ರತಿ ಸ್ಪರ್ಧಾಕ್ಕೂ ಹಿಂಗ. ಸರ್ ಒದರೂದು ನೆನಿಸಿಕೊಂಡ್ರ ಹೊಟ್ಟಿ ತೊಳಸತೈತಂತ. ನಿಮ್ಮಾಕಿ ಪುಣ್ಯಾ ಮಾಡ್ಯಾಳ ನೋಡ್ರಿ, ಯಾರೂ ಕೇಳಂಗಿಲ್ಲ."

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಇಷ್ಟು ದಿನಾ ಯಾವ ಹುಡುಗಿ ಮ್ಯಾಲೆ ಹೊಟ್ಟಿಕಿಚ್ಚು ಪಟ್ಟಿದ್ನೋ, ಅಕಿ ಹೊಟ್ಟ್ಯಾಗ ಒಂದು ತುತ್ತು ನಿಂದ್ರವಲ್ದಾಗಿತ್ತು. ಚೀಲದಾಗಿನ ನಿಂಬಿಹಣ್ಣಿನ ಪಾನಕಾ ತಗದು ಅವರ ಕೈಯಾಗ ಕೊಟ್ಟೆ, "ಈಜಿ ಬಂದ ಮ್ಯಾಲೆ ಕುಡಸ್ರಿ" ಅಂತ.

ಇಬ್ಬರ ಹುಡುಗ್ಯಾರೂ ಒಂದ ಪಂದ್ಯಾದಾಗ ಇದ್ರು. ಟೋಪಿ, ಕನ್ನಡಕಾ ಹಾಕ್ಕೊಂಡು ಎಲ್ಲಾರೂ ಸಾಲಾಗಿ ನಿಂತ್ರು. ಸೀಟಿ ಊದಿದ್ರು, ಹುಡುಗ್ಯಾರು ಜಿಗದ್ರು. ಕಿತ್ತಳಿ ಟೋಪಿ ನೀರಾಗಿಂದ ಮ್ಯಾಲೆ ಬಂದದ್ದ ತಡಾ, ನಮ್ಮ ಸರ್ ದಂಡಿಗುಂಟ ಓಡಾಕ ಹತ್ತಿದ್ರು. "ಕಾಲು! ಕಾಲು ಹೊಡಿ! ಬಾ, ಬಾ, ಬಾ!" ಒಂದು ಕಾಲಾಗಿನ ಚಪ್ಪಲಿ ಹಾರಿ ನೀರಾಗ ಬಿತ್ತು. ತಿರುಗಿ ನೋಡಲಿಲ್ಲ. ಕಿತ್ತಳಿ ಟೋಪಿ ಅವತ್ತ ಎಂದೂ ಹೋಗಲಾರದಂಗ ಹೊಂಟಿತ್ತು. ಬಾಜೂಕ ಲಾಡಿನ ಹುಡುಗಿ ಅವ್ವ ಎದ್ದು ನಿಂತು, "ಹೊಡಿ ನನ್ನ ಕೂಸ!" ಅಂತ ಚೀರಾಕತ್ತಿದ್ರು. ನಾ ಕರಿ ಟೋಪಿಗೋಳಾಗ ನಮ್ಮಾಕಿನ್ನ ಹುಡುಕಿದೆ. ಎಲ್ಲಾರ ಹಿಂದ ಒಬ್ಬಾಕಿ ಆರಾಮ ಕೈ ಹಾಕ್ಕೋತ ಬರಾಕತ್ತಿದ್ಲು. ಇಕಿನ ನಮ್ಮಾಕಿ ಅಂತ ಗಂಟಲಾ ಹರಿಯೂತನಕಾ ಒದರಿದೆ. ಸರ್ ಒದರಲಿಲ್ಲಂದ್ರ ಏನಾತು, ನಾ ಅದೇನಿ ಅಂತ.

ಕಿತ್ತಳಿ ಟೋಪಿ ಮೂರನೇದು ಬಂತು. ಸರ್ ಒಂದ ಕಾಲಾಗ ಚಪ್ಪಲಿ ಇದ್ದಂಗ ಮೊಣಕಾಲೂರಿ ಕುಂತು, ಎರಡೂ ಕೈ ಕೊಟ್ಟು ಅಕಿನ್ನ ನೀರಾಗಿಂದ ಎತ್ತಿದ್ರು. "ಶಾಭಾಶ್ ನನ್ನ ಮಗಳ! ಇದು! ಇದು ಬೇಕಾಗಿತ್ತು ನನಗ!"

ಹುಡುಗಿ ಟೋಪಿ ತಗದಳು, ಕನ್ನಡಕಾ ತಗದಳು. ನಮ್ಮಾಕಿ.

ಸರ್ ಹಿಡದ ಕೈ ಬಿಡಲಿಲ್ಲ, ತಗದ ಬಾಯಿನೂ ಮುಚ್ಚಲಿಲ್ಲ. ಅಷ್ಟರಾಗ ಕಡೀಕ ಬಂದ ಕರಿ ಟೋಪಿ ದಂಡಿಗೆ ಹತ್ತಿ ಮಾರಿ ತೋರಿಸ್ತು. ಲಾಡಿನ ಹುಡುಗಿ! ಅಕಿ ನಕ್ಕದ್ದನ್ನ ನಾ ಮೊದಲನೇ ಸಲ ನೋಡಿದೆ. ಪಾವಟಿಗಿ ಮ್ಯಾಲೆ ನಾನೂ ಅಕಿ ಅವ್ವನೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಇಬ್ಬರದೂ ಗಂಟಲಾ ಬಿದ್ದಿತ್ತು, ಒಬ್ಬರ ಮಗಳಿಗೆ ಇನ್ನೊಬ್ಬರು ಒದರಿ.

ಕೆಳಗ ಸರ್ ನಮ್ಮಾಕಿ ಮಾರಿ ನೋಡಿ, ಭಾಳ ಸಣ್ಣ ದನಿಲೆ ಕೇಳಿದ್ರು, "ಬ್ಯಾಳಿ?"

ಹೊಳ್ಳಿ ಬರೂ ಬಸ್ಸಿನ್ಯಾಗ ಮಗಳ ಬಾಯಿ ನಿಂತಿದ್ದಿಲ್ಲ. "ಅವ್ವಾ, ಸರ್ ಓಡಿದ್ದು ನೋಡಿದ್ಯಾ? ಉಸಿರು ತಗೊಳ್ಳಾಕ ಮಾರಿ ಹೊಳ್ಳಿಸಿದಾಗೊಮ್ಮೆ ಕಾಣತಿದ್ರು. ಚಪ್ಪಲಿ ಹಾರಿದ್ದೂ ಕಂಡಿತು!"

ಅಕಿ ಕೊರಳಾಗ ಕಂಚಿನ ಮೆಡಲ್. ನನ್ನ ಎದ್ಯಾಗ ಒಂದು ಕಲ್ಲು. ಬಟ್ಟಿ ಬದಲಿ ಮಾಡೂ ಖೋಲ್ಯಾಗ ಟೋಪಿ ಅದಲಾಬದಲಿ ಆಗ್ಯಾವ, ಸರ್ ಓಡಿದ್ದು ಆ ಲಾಡಿನ ಹುಡುಗಿ ಸಲುವಾಗಿ ಅಂತ ಕೂಸಿಗೆ ಹೆಂಗ ಹೇಳೂದು? ಹೇಳಿದ್ರ ಈ ನಗು ಆರತೈತಿ. ಹೇಳದಿದ್ರ ನಾಳೆ ಪೂಲಿನ್ಯಾಗ ಯಾರರ ಹೇಳತಾರ. ಉಣಕಲ್ ದಾಟಿತು, ನವನಗರ ದಾಟಿತು. ಧಾರವಾಡ ಕಾಣಸೂ ಹೊತ್ತಿಗೆ ಧೈರ್ಯ ಮಾಡಿದೆ.

"ಕೂಸ, ಆ ಟೋಪಿ..."

"ಗೊತ್ತೈತಿ ಅವ್ವಾ. ನಾವ ಅದಲಾಬದಲಿ ಮಾಡಿದ್ವಿ" ಅಂದ್ಲು. "ಅಕಿನ ಅಂದ್ಲು, ಸರ್ ಒದರೂದು ಈ ಟೋಪಿ ಕೂಡ ಬರತೈತಿ, ಇವತ್ತೊಂದಿನ ನೀ ಹಾಕ್ಕೋ, ನಾ ಆರಾಮ ಈಜತೇನಿ ಅಂತ."

ನಾ ಅಕಿ ಕಡೆ ಸರದು ಕೇಳಿದೆ, "ಸರ್ ನಿನ್ನ ಅಕಿ ಅಂತ ತಿಳದು ಒದರಾಕತ್ತಾರ ಅನ್ನೂದು ಗೊತ್ತಿದ್ದೂ ನಿನಗ ಖುಷಿ ಆತ?"

ಅಕಿ ಮೆಡಲ್ ಹೊಳ್ಳಿಸಿ ನೋಡಿಕೋತ ಅಂದ್ಲು, "ಮೊದಲ ಅಕಿಗೆ ಒದರಾಕತ್ತಾರ ಅನಸ್ತು. ಆಮ್ಯಾಲೆ ಕಾಲು ಹೊಡಿ ಅಂದ್ರು, ನಾ ಹೊಡದೆ. ಇನ್ನೂ ಹೊಡಿ ಅಂದ್ರು, ಇನ್ನೂ ಹೊಡದೆ. ಕಾಲು ನನ್ನವ ಇದ್ದ್ವಲ್ಲ ಅವ್ವಾ."

ನಾ ಕಿಡಕಿ ಕಡೆ ಹೊಳ್ಳಿದೆ. ಬಸ್ಸಿನ್ಯಾಗ ಹೆಲ್ಮೆಟ್ ಇರಲಿಲ್ಲ.

ಮರುದಿನ ಮುಂಜಾನೆ ಸರ್ ಯಾರಿಗೂ ಬೈಯಲಿಲ್ಲ. ಕಿತ್ತಳಿ ಟೋಪಿ ಇಸಗೊಂಡು ಕಪಾಟಿನ್ಯಾಗ, ನನ್ನ ಉಂಡಿ ಡಬ್ಬಿ ಬಾಜೂಕ ಇಟ್ರು. ಆಮ್ಯಾಲೆ ಎಲ್ಲಾ ಮಕ್ಕಳನ್ನೂ ಸಾಲಾಗಿ ನಿಂದ್ರಿಸಿ, ಕನ್ನಡಕಾ ಮ್ಯಾಲೆ ಮಾಡಿಸಿ, ಒಬ್ಬೊಬ್ಬರ ಮಾರಿ ನೋಡಿಕೋತ ಬಂದ್ರು. ನಮ್ಮಾಕಿ ಮುಂದ ಭಾಳ ಹೊತ್ತು ನಿಂತ್ರು. "ಹೆಸರೇನವಾ ನಿಂದು?" ಅಂದ್ರು. ಅಕಿ ಹೇಳಿದ್ಲು. ಸರ್ ಅದನ್ನ ಒಮ್ಮೆ ತಾವೂ ಅಂದು ನೋಡಿದ್ರು.

ಅಷ್ಟಾದ ಮ್ಯಾಲೆ ಎಲ್ಲಾರೂ ಕರಿ ಟೋಪಿ ಹಾಕ್ಕೊಂಡು ನೀರಿಗೆ ಬಿದ್ರು. ಸರ್ ಒಂದು ಗಳಿಗಿ ನೀರು ನೋಡಿದ್ರು, ಗ್ವಾಡಿ ಕಡೆ ನೋಡಿದ್ರು, ನಡುವ ನೋಡಿದ್ರು. ಆ ಮ್ಯಾಲೆ ಹೊಸಾ ಚಪ್ಪಲಿ ಹಾಕ್ಕೊಂಡು ಆ ದಂಡಿಗೊಮ್ಮೆ, ಈ ದಂಡಿಗೊಮ್ಮೆ ಓಡಾಕ ಹತ್ತಿದ್ರು. "ಕಾಲು! ಕಾಲು ಹೊಡಿ! ಬಾ, ಬಾ, ಬಾ!"

ಕಟ್ಟಿ ಮ್ಯಾಲೆ ಬಾಜೂಕ ಕುಂತ ಆ ಹುಡುಗಿ ತಾಯಿ ನನ್ನ ಕಡೆ ಬಾಗಿ ಕೇಳಿದ್ರು, "ರೀ, ಇವತ್ತ ಯಾರಿಗೆ ಒದರಾಕತ್ತಾರ್ರಿ?"

"ಅವರಿಗೇ ಗೊತ್ತಿಲ್ರಿ" ಅಂದೆ. "ಅದಕ್ಕ ಎಲ್ಲಾರಿಗೂ ಒದರಾಕತ್ತಾರ."